ಲವಂಗ, ದಾಲ್ಚಿನ್ನಿ ಎಣ್ಣೆಯ ಹನಿಗಳು ರಕ್ತನಾಳಗಳನ್ನು ಕಾಯಬಲ್ಲವೇ?

ಪ್ರಶ್ನೆ: ನನ್ನ ಯಜಮಾನರಿಗೆ 61 ವರ್ಷ. ಏಳು ತಿಂಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮತ್ತು ಬಿಪಿ ಮಾತ್ರೆ ನಡೆಯುತ್ತಿವೆ. ಎಸೆನ್ಷಿಯಲ್ ಆಯಿಲ್ ಮಾರುವ ಪರಿಚಯದವರೊಬ್ಬರ ಮಾತಿನಂತೆ ಹತ್ತು ದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಎರಡು ಹನಿ ಲವಂಗದ ಎಣ್ಣೆ, ಎರಡು ಹನಿ ದಾಲ್ಚಿನ್ನಿ ಎಣ್ಣೆ ಹಾಕಿಕೊಂಡು ಕುಡಿಯುತ್ತಿದ್ದಾರೆ. ಹೀಗೆ ಮಾಡಿದರೆ ನಾಳದೊಳಗಿನ ಕೊಬ್ಬು ಪೈಪಿನ ಪಾಚಿಯಂತೆ ಬಿಟ್ಟುಕೊಂಡು ಬರುತ್ತದಂತೆ. ರಾತ್ರಿಯಿಡೀ ಲ್ಯಾವೆಂಡರ್ ಎಣ್ಣೆಯ ಡಿಫ್ಯೂಸರ್ ಇಟ್ಟರೆ ಬಿಪಿ ಇಳಿಯುತ್ತದೆ, ಮಂಡಿನೋವಿಗೆ ವಿಂಟರ್‌ಗ್ರೀನ್ ಎಣ್ಣೆ ಹಚ್ಚಿ ಎಂದೂ ಹೇಳಿದ್ದಾರೆ. ಇಲಿಗಳ ರಕ್ತನಾಳದ ಮೇಲೆ ನಡೆದ ವಿದೇಶದ ಸಂಶೋಧನೆಗಳ ಪ್ರತಿಗಳನ್ನು ಕೊಟ್ಟಿದ್ದಾರೆ. ಈಚೆಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಾಣುತ್ತಿದೆ, ಎದೆಯುರಿಯೂ ಇದೆ. "ಅಡುಗೆಗೆ ಹಾಕುವ ಲವಂಗವೇ ತಾನೇ, ಏನಾಗುತ್ತದೆ?" ಎನ್ನುತ್ತಾರೆ. ಎರಡು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ, ಚೆನ್ನಾಗಿದ್ದರೆ ಮಾತ್ರೆ ಕಡಿಮೆ ಮಾಡುವ ಯೋಚನೆಯಲ್ಲಿದ್ದಾರೆ. ಇದರಲ್ಲಿ ನಿಜವೆಷ್ಟು, ಅಪಾಯವೆಷ್ಟು?
— ಓದುಗರೊಬ್ಬರು, ಸಾಗರ

ಉತ್ತರ: ವಿವರಕ್ಕೆ ಹೋಗುವ ಮುಂಚೆ ಇಂದೇ ಆಗಬೇಕಾದದ್ದನ್ನು ಹೇಳಿಬಿಡುತ್ತೇನೆ. ಎಣ್ಣೆಯ ಹನಿಗಳನ್ನು ಕುಡಿಯುವುದು ನಿಲ್ಲಲಿ. ಮಾತ್ರೆಗಳಲ್ಲಿ ಒಂದೂ ನಿಲ್ಲುವುದು ಬೇಡ. ವಸಡಿನ ರಕ್ತ ಮತ್ತು ಎದೆಯುರಿಯ ವಿಷಯವನ್ನು ಎರಡು ಮೂರು ದಿನಗಳೊಳಗೆ ನಿಮ್ಮ ಹೃದ್ರೋಗ ತಜ್ಞರ ಗಮನಕ್ಕೆ ತನ್ನಿ. ಅಷ್ಟರೊಳಗೆ ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಸಮಯ ನೋಡದೆ ಆಸ್ಪತ್ರೆಗೆ ಹೋಗಿ. ಎದೆಯುರಿ ಎಂದು ಅವರು ಹೇಳುತ್ತಿರುವುದು ಯಾವಾಗ ಬರುತ್ತದೆ ಎಂಬುದನ್ನು ಬಿಡಿಸಿ ಕೇಳಿ. ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ಬಂದು ಕುಳಿತರೆ ಕಡಿಮೆಯಾಗುವುದಾದರೆ, ಅಥವಾ ದವಡೆಗೆ, ಎಡಗೈಗೆ ಹರಡುವುದಾದರೆ ಅದು ಹೊಟ್ಟೆಯ ತೊಂದರೆಯಾಗಿರದೆ ಹೃದಯದ ನೋವೇ ಆಗಿರಬಹುದು. ಹಾಗಿದ್ದರೆ ಎರಡು ದಿನವೂ ಕಾಯಬೇಡಿ. ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, "ಗ್ಯಾಸ್ ಇರಬೇಕು" ಎಂದು ಹೊತ್ತು ಕಳೆದು ತಡವಾಗಿ ಬರುವ ಹೃದ್ರೋಗಿಗಳನ್ನು ನಾನು ಈಗಲೂ ನೋಡುತ್ತಿದ್ದೇನೆ. ಎದೆಯುರಿಗೆಂದು ಅಂಗಡಿಯಿಂದ ನೀವೇ ಒಮೆಪ್ರಜೋಲ್ ತಂದುಕೊಡುವುದೂ ಬೇಡ. ಅದು ಕ್ಲೊಪಿಡೊಗ್ರೆಲ್ ದೇಹದಲ್ಲಿ ಸಕ್ರಿಯವಾಗುವುದಕ್ಕೆ ಅಡ್ಡಿ ಮಾಡುತ್ತದೆ. ಹೊಂದುವ ಮಾತ್ರೆಯನ್ನು ವೈದ್ಯರೇ ಬರೆದುಕೊಡುತ್ತಾರೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಿಮಗೆ ಕೊಟ್ಟಿರುವ ಪ್ರಬಂಧಗಳು ಸುಳ್ಳಲ್ಲ. ಸಸ್ಯಗಳ ಸುಗಂಧ ತೈಲಗಳು ರಕ್ತನಾಳಗಳ ಮೇಲೆ ಪರಿಣಾಮ ಬೀರುತ್ತವೆ ಎಂಬುದು ಔಷಧಶಾಸ್ತ್ರದಲ್ಲಿ ಗಂಭೀರವಾಗಿ ಅಧ್ಯಯನವಾಗುತ್ತಿರುವ ವಿಷಯ. ಆ ಪ್ರಬಂಧಗಳಿಂದ ಮಾರಾಟಗಾರರು ಎಳೆದು ತಂದಿರುವ ತೀರ್ಮಾನ ಮಾತ್ರ ಅವುಗಳಲ್ಲಿ ಇಲ್ಲ. ಈ ಎರಡರ ನಡುವಿನ ಅಂತರ ಎಷ್ಟೆಂದು ತಿಳಿದರೆ ನಿಮ್ಮ ಯಜಮಾನರೊಂದಿಗೆ ಮಾತಾಡುವುದೂ ನಿಮಗೆ ಸುಲಭವಾಗುತ್ತದೆ.

ತಪ್ಪು ಆ ಪೈಪಿನ ಹೋಲಿಕೆಯಲ್ಲೇ ಆರಂಭವಾಗುತ್ತದೆ. ರಕ್ತನಾಳ ಜೀವಂತ ಅಂಗ. ಅದರ ಅತ್ಯಂತ ಒಳಗಿನ ಪದರವಾದ ಎಂಡೋಥೀಲಿಯಂ ಒಂದೇ ಜೀವಕೋಶದಷ್ಟು ದಪ್ಪವಾಗಿದ್ದರೂ ನಾಳ ಯಾವಾಗ ಹಿಗ್ಗಬೇಕು, ರಕ್ತ ಎಲ್ಲಿ ಹೆಪ್ಪುಗಟ್ಟಬಾರದು ಎಂಬುದನ್ನು ಬಹುಮಟ್ಟಿಗೆ ಅದೇ ನಿರ್ಧರಿಸುತ್ತದೆ. ಈ ಒಳಪೊರೆಯನ್ನು ಕೆರೆದು ತೆಗೆದ ನಾಳ, ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕ ಹಾಕಿದಾಗ ಸಡಿಲಗೊಳ್ಳುವುದಿಲ್ಲ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿಕೊಟ್ಟರು. ಒಳಪೊರೆ ಹೊರಸೂಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ನಾಳವನ್ನು ಸಡಿಲಿಸುತ್ತದೆ ಎಂದು ಮುಂದೆ ಖಚಿತವಾಯಿತು. ಈ ಕೆಲಸಕ್ಕಾಗಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ತಂಬಾಕು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೆಚ್ಚಿದ ಎಲ್‌ಡಿಎಲ್ ಕೊಲೆಸ್ಟರಾಲ್ ಇವು ಈ ಒಳಪೊರೆಯನ್ನು ಹಾಳುಮಾಡಿದಾಗ ಎಲ್‌ಡಿಎಲ್ ಕಣಗಳು ಪೊರೆಯನ್ನು ದಾಟಿ ನಾಳದ ಗೋಡೆಯೊಳಗೆ ಸೇರುತ್ತವೆ, ಅಲ್ಲಿ ಉತ್ಕರ್ಷಣಗೊಳ್ಳುತ್ತವೆ, ಅಂದರೆ ಆಮ್ಲಜನಕದ ಪ್ರಭಾವದಿಂದ ಕೆಡುತ್ತವೆ. ಅವನ್ನು ನುಂಗಲು ಬಂದ ಬಿಳಿರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲಿಯೇ ಉಳಿಯುತ್ತವೆ. ವರ್ಷಗಳು ಕಳೆದಂತೆ ಅದರ ಮೇಲೆ ನಾರಿನ ಹೊದಿಕೆ ಬೆಳೆಯುತ್ತದೆ, ಒಳಗೆ ಸುಣ್ಣದ ಅಂಶ ಕೂಡಿಕೊಳ್ಳುತ್ತದೆ. ಅಂದರೆ ನಾವು ಬ್ಲಾಕ್ ಎಂದು ಕರೆಯುವ ಗಡ್ಡೆ ನಾಳದ ಒಳಮೈಗೆ ಅಂಟಿಕೊಂಡ ಕೊಳೆಯಲ್ಲ, ಗೋಡೆಯೊಳಗೇ ಬೆಳೆದ ರೋಗ. ಮೇಲಿನಿಂದ ಏನನ್ನು ಹರಿಸಿದರೂ ಅದು ಕರಗಿ ಕಿತ್ತು ಬರುವುದಿಲ್ಲ. ನಿಜಕ್ಕೂ ಹಾಗೆ ಕಿತ್ತು ಬಂದರೆ ಆ ಚೂರು ಮುಂದಿನ ಸಣ್ಣ ನಾಳವನ್ನು ಮುಚ್ಚುತ್ತದೆ. ಮಿದುಳಿನಲ್ಲಿ ಅದಕ್ಕೆ ಪಾರ್ಶ್ವವಾಯು ಎನ್ನುತ್ತೇವೆ.

ಹಾಗಾದರೆ ಇಲಿಗಳ ಪ್ರಯೋಗದಲ್ಲಿ ಕಂಡದ್ದೇನು? ಇಲಿಯ ಮಹಾಪಧಮನಿಯಿಂದ ಕೆಲವು ಮಿಲಿಮೀಟರ್ ಅಗಲದ ಉಂಗುರವನ್ನು ಕತ್ತರಿಸಿ, ಲವಣದ ದ್ರಾವಣದಲ್ಲಿ ತೂಗುಹಾಕಿ, ಫಿನೈಲೆಫ್ರಿನ್‌ನಂಥ ವಸ್ತು ಹಾಕಿ ಅದನ್ನು ಬಿಗಿಗೊಳಿಸುತ್ತಾರೆ. ಆಮೇಲೆ ತೈಲವನ್ನೋ ಅದರ ಒಂದು ಘಟಕವನ್ನೋ ಹಂತ ಹಂತವಾಗಿ ಸೇರಿಸಿ ಉಂಗುರ ಎಷ್ಟು ಸಡಿಲವಾಯಿತೆಂದು ಅಳೆಯುತ್ತಾರೆ. ಲವಂಗದ ಯೂಜೆನಾಲ್, ಲ್ಯಾವೆಂಡರಿನ ಲಿನಲೂಲ್, ನೀಲಗಿರಿಯ ಸಿನಿಯೋಲ್, ಓರೆಗಾನೊದ ಕಾರ್ವಕ್ರಾಲ್ ಎಲ್ಲವೂ ಈ ಪರೀಕ್ಷೆಯಲ್ಲಿ ನಾಳವನ್ನು ಸಡಿಲಿಸಿವೆ. ಬ್ರೆಜಿಲ್‌ನ ಸಿಯಾರಾ ರಾಜ್ಯದ ಸಂಶೋಧಕರು ತಮ್ಮ ನೆಲದ ಸುಗಂಧ ಸಸ್ಯಗಳ ಮೇಲೆ ಇಂಥ ಕೆಲಸವನ್ನು ದಶಕಗಳಿಂದ ಮಾಡಿಕೊಂಡು ಬಂದಿದ್ದಾರೆ. ಈ ಘಟಕಗಳಲ್ಲಿ ಹಲವು ನಾಳದ ಸ್ನಾಯುಕೋಶಗಳಿಗೆ ಕ್ಯಾಲ್ಸಿಯಂ ಹೋಗುವ ದಾರಿಯನ್ನು ತಡೆಯುತ್ತವೆ. ಅಮ್ಲೋಡಿಪಿನ್ ಎಂಬ ಸಾಮಾನ್ಯ ಬಿಪಿ ಮಾತ್ರೆ ಮಾಡುವುದೂ ಅದನ್ನೇ. ಲವಂಗದ ಯೂಜೆನಾಲ್, ಓಮದ ಥೈಮಾಲ್ ಇವು ಎಲ್‌ಡಿಎಲ್‌ನ ಉತ್ಕರ್ಷಣವನ್ನು ಪ್ರನಾಳದಲ್ಲಿ ತಡೆಯುತ್ತವೆ ಎಂಬುದೂ ಸಾಬೀತಾಗಿದೆ. ಇಷ್ಟು ಓದಿದ ಯಾರಿಗಾದರೂ ಆಸೆ ಹುಟ್ಟುವುದು ಸಹಜ.

ಆದರೆ ಪ್ರಮಾಣವನ್ನು ನೋಡಿ. ಉಂಗುರಗಳು ಸಾಮಾನ್ಯವಾಗಿ ಸಡಿಲವಾಗುವುದು ದ್ರಾವಣದಲ್ಲಿ ಆ ಘಟಕ ಲೀಟರಿಗೆ ನೂರಾರು ಮೈಕ್ರೊಮೋಲ್‌ನಷ್ಟು ಇದ್ದಾಗ (ಮೈಕ್ರೊಮೋಲ್ ಎಂದರೆ ರಾಸಾಯನಿಕದ ಅಣುಗಳನ್ನು ಎಣಿಸುವ ಒಂದು ಅಳತೆ). ಮನುಷ್ಯನ ರಕ್ತದಲ್ಲಿ ಅದು ಎಷ್ಟಿರುತ್ತದೆ? 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲ್ಯಾವೆಂಡರ್ ಎಣ್ಣೆ ಬೆರೆಸಿ ಹೊಟ್ಟೆಯ ಮೇಲೆ ಮಸಾಜ್ ಮಾಡಿ ರಕ್ತವನ್ನು ಪರೀಕ್ಷಿಸಿದರು. ಸುಮಾರು 20 ನಿಮಿಷಕ್ಕೆ ಲಿನಲೂಲ್‌ನ ಮಟ್ಟ ತುದಿ ಮುಟ್ಟಿತು, ಆಗ ಅದು ಮಿಲಿಲೀಟರಿಗೆ ಸುಮಾರು 100 ನ್ಯಾನೊಗ್ರಾಂ ಇತ್ತು. ಲೆಕ್ಕ ಹಾಕಿದರೆ ಲೀಟರಿಗೆ ಒಂದು ಮೈಕ್ರೊಮೋಲ್‌ಗಿಂತಲೂ ಕಡಿಮೆ. ಅದೂ ಸುಮಾರು 14 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಒಂದೂವರೆ ಗಂಟೆಯಲ್ಲಿ ಬಹುಪಾಲು ಮಾಯವಾಯಿತು. ಪ್ರಯೋಗಾಲಯದಲ್ಲಿ ಕಂಡ ಗುಣಕ್ಕೂ ದೇಹದಲ್ಲಿ ಸಿಗುವ ಅಂಶಕ್ಕೂ ಹೀಗೆ ನೂರಾರು ಪಟ್ಟು ವ್ಯತ್ಯಾಸವಿದೆ. ಕುಡಿದರೆ ಹೆಚ್ಚು ಸೇರುತ್ತದಲ್ಲವೇ ಎಂದು ಕೇಳಬಹುದು. ಕರುಳಿನಿಂದ ಹೀರಿಕೆಯಾದದ್ದು ಮೊದಲು ಯಕೃತ್ತಿಗೆ ಹೋಗುತ್ತದೆ. ಯೂಜೆನಾಲ್‌ನ ಬಹುಭಾಗವನ್ನು ಯಕೃತ್ತು ಕೂಡಲೇ ಬದಲಾಯಿಸಿ ಮೂತ್ರದ ದಾರಿಗೆ ಕಳಿಸುತ್ತದೆ. ಇಲಿಯ ಉಂಗುರಕ್ಕೆ ದೊರೆತ ಮಟ್ಟವನ್ನು ಮನುಷ್ಯನ ನಾಳಕ್ಕೆ ಒದಗಿಸಲು ಹೊರಟರೆ ನಾಳಕ್ಕಿಂತ ಮೊದಲು ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಲವಂಗದ ಎಣ್ಣೆಯನ್ನು ಅರಿಯದೆ ಕುಡಿದ ಪುಟ್ಟ ಮಕ್ಕಳಲ್ಲಿ ಪ್ಯಾರಾಸಿಟಮಾಲ್ ಮಿತಿಮೀರಿದಾಗ ಆಗುವಂಥದೇ ಯಕೃತ್ತಿನ ಹಾನಿ ಆಗಿರುವುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ಉತ್ಕರ್ಷಣ ತಡೆಯುವ ಗುಣದ ಬಗ್ಗೆಯೂ ನಮಗೆ ಹಿಂದಿನ ಅನುಭವವಿದೆ. ವಿಟಮಿನ್ ಇ ಕೂಡ ಪ್ರನಾಳದಲ್ಲಿ ಎಲ್‌ಡಿಎಲ್ ಅನ್ನು ಚೆನ್ನಾಗಿ ಕಾಯುತ್ತಿತ್ತು, ಆದ್ದರಿಂದ ಹೃದಯವನ್ನೂ ಕಾಯುತ್ತದೆ ಎಂದು ಬಹಳ ಜನ ನಂಬಿದ್ದರು. ಹೋಪ್ ಎಂಬ ದೊಡ್ಡ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್‌ನಂತೆ ವಿಟಮಿನ್ ಇ ಕೊಟ್ಟು ನಾಲ್ಕೂವರೆ ವರ್ಷ ನೋಡಿಕೊಂಡರು. 2000ದಲ್ಲಿ ಫಲಿತಾಂಶ ಬಂದಾಗ, ಹೃದಯಾಘಾತದಲ್ಲಾಗಲಿ ಸಾವಿನಲ್ಲಾಗಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಸುಗಂಧ ತೈಲಗಳಿಗೆ ಇಂಥ ಪರೀಕ್ಷೆ ಇನ್ನೂ ಎದುರಾಗಿಯೇ ಇಲ್ಲ. ಅವನ್ನು ಸೇವಿಸಿದವರಲ್ಲಿ ಬ್ಲಾಕ್ ಕರಗಿತು ಅಥವಾ ಹೃದಯಾಘಾತ ಕಡಿಮೆಯಾಯಿತು ಎಂದು ತೋರಿಸಿದ ಅಧ್ಯಯನವನ್ನು ಮುಂದಿಟ್ಟು ಮಾತಾಡುವ ಸ್ಥಿತಿಯಲ್ಲಿ ನಿಮ್ಮ ಪರಿಚಯದವರಿಲ್ಲ.

"ಅಡುಗೆಯ ಲವಂಗವೇ ತಾನೇ" ಎಂಬ ಮಾತಿಗೆ ಬರೋಣ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದಿಟ್ಟುಕೊಂಡರೆ ಎರಡು ಹನಿಯೆಂದರೆ ಹೆಚ್ಚುಕಡಿಮೆ 100 ಮಿಲಿಗ್ರಾಂ ಎಣ್ಣೆ. ಒಣ ಲವಂಗದ ತೂಕದಲ್ಲಿ ಎಣ್ಣೆ ಇರುವುದು ಶೇಕಡ 15ರಿಂದ 20ರಷ್ಟು ಮಾತ್ರ. ಆದ್ದರಿಂದ ಆ ಎರಡು ಹನಿ ಐದಾರು ಲವಂಗಗಳ ಸತ್ವವನ್ನು ಒಮ್ಮೆಗೇ, ಖಾಲಿ ಹೊಟ್ಟೆಗೆ ಇಳಿಸಿದಂತೆ. ನ್ಯಾಯವಾಗಿ ಹೇಳಬೇಕೆಂದರೆ ಈ ಪ್ರಮಾಣ ವಿಷವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಯೂಜೆನಾಲ್‌ಗೆ ದೇಹತೂಕದ ಕಿಲೋಗೆ ದಿನಕ್ಕೆ 2.5 ಮಿಲಿಗ್ರಾಂವರೆಗೆ ಮಿತಿ ಹಾಕಿದೆ. 60 ಕಿಲೋ ತೂಕದವರಿಗೆ ಅದು 150 ಮಿಲಿಗ್ರಾಂ ಆಗುತ್ತದೆ. ತೊಂದರೆ ಬೇರೆ ಕಡೆ ಇದೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಅದು ಬೆರೆಯದೆ ಹನಿಯಾಗಿಯೇ ಉಳಿದು ಬಾಯಿ, ಅನ್ನನಾಳ, ಜಠರಗಳ ಒಳಪದರವನ್ನು ನೇರವಾಗಿ ಮುಟ್ಟುತ್ತದೆ. ದಾಲ್ಚಿನ್ನಿ ತೊಗಟೆಯ ಎಣ್ಣೆಯಲ್ಲಿರುವ ಸಿನ್ನಮಾಲ್ಡಿಹೈಡ್ ಅಂತೂ ಚರ್ಮವನ್ನೇ ಸುಡುವಷ್ಟು ತೀಕ್ಷ್ಣ. ಆಸ್ಪಿರಿನ್ ಮೊದಲೇ ಜಠರದ ರಕ್ಷಣೆಯನ್ನು ತೆಳುವಾಗಿಸಿರುವಾಗ, ಎದೆಯುರಿ ಈ ಹತ್ತು ದಿನಗಳಲ್ಲಿ ಶುರುವಾಗಿದ್ದರೆ ನನ್ನ ಮೊದಲ ಅನುಮಾನ ಈ ಲೋಟದ ಮೇಲೆಯೇ.

ರಕ್ತಸ್ರಾವದ ಪ್ರಶ್ನೆ ಇದಕ್ಕಿಂತ ದೊಡ್ಡದು. ಯೂಜೆನಾಲ್, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವುದನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ, ಅದೂ ಬಹುಪಾಲು ಆಸ್ಪಿರಿನ್ ಹಿಡಿಯುವ ದಾರಿಯಿಂದಲೇ. ಮಾರಾಟಗಾರರು ಇದನ್ನೇ ರಕ್ತ ತೆಳುವಾಗಿಸುವ ಗುಣ ಎಂದು ಹೊಗಳಿರಬಹುದು. ನಿಮ್ಮ ಯಜಮಾನರು ಈಗಾಗಲೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎಂಬ ಅಂಥ ಎರಡು ಔಷಧಗಳ ಮೇಲಿದ್ದಾರೆ. ಅವೆರಡರ ಪ್ರಮಾಣವನ್ನು, ಹೆಪ್ಪುಗಟ್ಟುವ ಅಪಾಯ ಮತ್ತು ರಕ್ತಸ್ರಾವದ ಅಪಾಯ ಎರಡನ್ನೂ ತೂಗಿ, ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿ ಗೊತ್ತುಮಾಡಲಾಗಿದೆ. ಮೂರನೆಯದನ್ನು ಅಂದಾಜಿನ ಮೇಲೆ ಸೇರಿಸಲು ಅಲ್ಲಿ ಜಾಗವಿಲ್ಲ. ಹಾಗೆಂದು ವಸಡಿನ ರಕ್ತಕ್ಕೆ ಎಣ್ಣೆಯೇ ಕಾರಣ ಎಂದು ನಾನು ಹೊರಿಸುತ್ತಿಲ್ಲ. ವಸಡಿನಲ್ಲಿ ಉರಿಯೂತವಿದ್ದರೆ ಆ ಎರಡು ಮಾತ್ರೆಗಳಷ್ಟೇ ಇಷ್ಟು ರಕ್ತ ಕಾಣಿಸಲು ಸಾಕು. ದಂತವೈದ್ಯರಿಗೂ ತೋರಿಸಿ, ಆದರೆ ಹಲ್ಲು ಕೀಳಿಸಬೇಕಾಗಿ ಬಂದರೂ ಹೃದ್ರೋಗ ತಜ್ಞರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ವಿಂಟರ್‌ಗ್ರೀನ್ ಎಣ್ಣೆಯನ್ನು ನಾನು ಇನ್ನೂ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ನೀಲಗಿರಿ ಬೆಟ್ಟಗಳಲ್ಲೂ ಬೆಳೆಯುವ ಒಂದು ಪೊದೆಯ ಎಲೆಯಿಂದ ಇದನ್ನು ಇಳಿಸುತ್ತಾರೆ, ಇದು ಬಹುತೇಕ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್‌ನ ಹತ್ತಿರದ ಬಂಧು. ಒಂದು ಚಮಚ, ಅಂದರೆ 5 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ನಿಮ್ಮ ಯಜಮಾನರು ನುಂಗುವುದು 75 ಮಿಲಿಗ್ರಾಂ ಮಾತ್ರೆಯಾದರೆ ಅಂಥ ತೊಂಬತ್ತಕ್ಕೂ ಹೆಚ್ಚು ಮಾತ್ರೆಗಳಷ್ಟಾಯಿತು. ಚರ್ಮದ ಮೂಲಕವೂ ಇದು ರಕ್ತ ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇಂಥ ಮುಲಾಮನ್ನು ಧಾರಾಳವಾಗಿ ಹಚ್ಚಿಕೊಂಡು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂಬ ಅಳತೆ) ಏರಿ ರಕ್ತಸ್ರಾವವಾದ ಪ್ರಕರಣಗಳು ವರದಿಯಾಗಿವೆ. ಮನೆಗೆ ಮೊಮ್ಮಕ್ಕಳು ಬರುವುದಾದರೆ ಆ ಸೀಸೆ ಮನೆಯಲ್ಲಿರುವುದೇ ಬೇಡ. ಪುಟ್ಟ ಮಗುವಿಗೆ ಒಂದು ಚಮಚವೂ ಪ್ರಾಣಾಂತಿಕ. ಜೊತೆಯಲ್ಲಿ ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆಗಳೂ ಬಂದಿದ್ದರೆ ಅವುಗಳ ಮೇಲೂ ಕಣ್ಣಿರಲಿ. ಇವುಗಳ ಬಳಕೆಯ ಬೆನ್ನಿಗೇ ಫಿಟ್ಸ್ ಬಂದ ರೋಗಿಗಳ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ವಿವರವಾಗಿ ಬರೆದಿದ್ದಾರೆ.

ಲ್ಯಾವೆಂಡರಿನ ವಿಷಯದಲ್ಲಿ ಮಾತ್ರ ನನ್ನ ಉತ್ತರ ಮೆತ್ತಗಿದೆ. ಪರಿಮಳ ಮೂಗಿನ ನರಗಳ ಮೂಲಕ ಮನಸ್ಸನ್ನು ತಿಳಿಗೊಳಿಸಿದರೆ ಒತ್ತಡದ ಹಾರ್ಮೋನುಗಳು ಇಳಿಯುತ್ತವೆ, ನಾಡಿ ನಿಧಾನವಾಗುತ್ತದೆ, ನಾಳಗಳೂ ಸ್ವಲ್ಪ ಸಡಿಲಗೊಳ್ಳುತ್ತವೆ. ಜಪಾನಿನಲ್ಲಿ ಆರೋಗ್ಯವಂತ ಯುವಕರಿಗೆ ಲ್ಯಾವೆಂಡರ್ ಪರಿಮಳ ಕೊಟ್ಟು ಹೃದಯದ ಸ್ಕ್ಯಾನ್ ಮಾಡಿದಾಗ ಕೊರೊನರಿ ನಾಳಗಳಲ್ಲಿ ರಕ್ತದ ಹರಿವು ಹೆಚ್ಚುವ ಸಾಮರ್ಥ್ಯ ಸುಧಾರಿಸಿದ್ದು ಕಂಡಿತು. 2008ರಲ್ಲಿ ಅದು ಪ್ರಕಟವಾಯಿತು. ಆದರೆ ಅದು ಆ ಹೊತ್ತಿನ ಬದಲಾವಣೆ, ರೋಗಪೀಡಿತ ನಾಳಕ್ಕೆ ಚಿಕಿತ್ಸೆಯಲ್ಲ. ಅಧಿಕ ರಕ್ತದೊತ್ತಡಕ್ಕೆ ಪರಿಮಳ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿದ 2012ರ ಒಂದು ಪರಿಶೀಲನೆ, ಇರುವ ಸಾಕ್ಷ್ಯ ನಂಬಲು ಸಾಲದು ಎಂದಿತು. ಇಂಥ ಅಧ್ಯಯನಗಳಿಗೆ ಒಂದು ಸಹಜ ಮಿತಿಯೂ ಇದೆ: ಮಾತ್ರೆಯ ಬದಲು ಖಾಲಿ ಮಾತ್ರೆ ಕೊಟ್ಟು ಗುಟ್ಟು ಕಾಯ್ದುಕೊಳ್ಳಬಹುದು, ಆದರೆ ಪರಿಮಳ ಸಿಗುತ್ತಿದೆಯೋ ಇಲ್ಲವೋ ಎಂಬುದನ್ನು ಮೂಗಿನಿಂದ ಮುಚ್ಚಿಡಲಾಗದು.

ರಾತ್ರಿಯಿಡೀ ಡಿಫ್ಯೂಸರ್ ಬೇಡ ಎನ್ನಲು ಬಲವಾದ ಕಾರಣವಿದೆ. ತೈವಾನಿನ ಸಂಶೋಧಕರು ಅಲ್ಲಿನ ಸ್ಪಾಗಳಲ್ಲಿ ಕೆಲಸ ಮಾಡುವ 100 ಮಂದಿ ಆರೋಗ್ಯವಂತ ಯುವಜನರನ್ನು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯ ಆವಿಯಿದ್ದ ಕೋಣೆಯಲ್ಲಿ ಎರಡು ಗಂಟೆ ಕೂರಿಸಿ ಅಳತೆ ಮಾಡುತ್ತ ಹೋದರು. ಮೊದಲ ಒಂದು ಗಂಟೆ ರಕ್ತದೊತ್ತಡವೂ ನಾಡಿಬಡಿತವೂ ಇಳಿದವು, ಆಮೇಲೆ ಎರಡೂ ಏರತೊಡಗಿದವು. ಆವಿಯಾದ ಎಣ್ಣೆಯೂ ಒಂದು ಬಗೆಯ ಒಳಾಂಗಣ ವಾಯುಮಾಲಿನ್ಯವೇ. ಮುಚ್ಚಿದ ಕೋಣೆಯಲ್ಲಿ ಅದು ಸೇರುತ್ತಲೇ ಹೋಗುತ್ತದೆ. ನಿಮ್ಮ ಯಜಮಾನರಿಗೆ ಆ ಪರಿಮಳ ನಿಜಕ್ಕೂ ಹಿತವೆನಿಸಿದರೆ, ಮನೆಯಲ್ಲಿ ಯಾರಿಗೂ ಆಸ್ತಮಾ ಇಲ್ಲದಿದ್ದರೆ, ಮಲಗುವ ಮುಂಚೆ ಅರ್ಧ ಗಂಟೆ ಕಿಟಕಿ ತೆರೆದು ಹಚ್ಚಿ ಆರಿಸಲಿ. ಬಿಪಿ ಮಾತ್ರೆಯ ಬದಲಿಗೆಂದು ಮಾತ್ರ ಎಣಿಸಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ನಿಮ್ಮ ಪತ್ರದ ಕೊನೆಯ ಮಾತು. ಎರಡು ತಿಂಗಳ ನಂತರ ರಕ್ತ ಪರೀಕ್ಷೆ ಚೆನ್ನಾಗಿ ಬರುತ್ತದೆ ಎಂದು ನಾನೂ ನಿರೀಕ್ಷಿಸುತ್ತೇನೆ, ಏಕೆಂದರೆ ಅಟೊರ್ವಾಸ್ಟಾಟಿನ್ ಅವರ ಎಲ್‌ಡಿಎಲ್ ಅನ್ನು ಇಳಿಸಿರುತ್ತದೆ. ಆ ಕೀರ್ತಿಯನ್ನು ಎಣ್ಣೆಗೆ ಕೊಟ್ಟು ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಮರಳುತ್ತದೆ, ಮರಳಿದ್ದು ಯಾವ ನೋವಿನಿಂದಲೂ ತಿಳಿಯುವುದಿಲ್ಲ. ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿದಂತೆಲ್ಲ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅವಘಡಗಳು ಐದನೇ ಒಂದರಷ್ಟು ಕಡಿಮೆಯಾಗುತ್ತವೆ ಎಂಬುದು ಲಕ್ಷಕ್ಕೂ ಮೀರಿದ ಜನರ ಅಧ್ಯಯನಗಳಿಂದ ಸಿದ್ಧವಾಗಿದೆ. ಹೃದಯಾಘಾತವಾದವರಿಗೆ ಅದು 55ಕ್ಕಿಂತ ಕೆಳಗಿರಲಿ ಎಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ನಾಳದ ಗೋಡೆಯೊಳಗಿನ ಗಡ್ಡೆಯ ಹೊದಿಕೆಯನ್ನು ಗಟ್ಟಿಗೊಳಿಸಿ ಅದು ಒಡೆಯದಂತೆ ಕಾಯುವ ಕೆಲಸವನ್ನು, ಅಂದರೆ ಎಣ್ಣೆಯಿಂದ ನೀವು ಬಯಸುತ್ತಿರುವ ಕೆಲಸವನ್ನೇ, ಸ್ಟಾಟಿನ್ ಈಗಾಗಲೇ ಮಾಡುತ್ತಿದೆ. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅನ್ನು ಹೃದಯಾಘಾತದ ನಂತರ ಸಾಮಾನ್ಯವಾಗಿ 12 ತಿಂಗಳು ಮುಂದುವರಿಸುತ್ತೇವೆ. ಅವರು ಏಳನೆಯ ತಿಂಗಳಿನಲ್ಲಿದ್ದಾರೆ. ತಜ್ಞರನ್ನು ಕೇಳದೆ ಮಧ್ಯದಲ್ಲಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು, ಮತ್ತು ಅದು ಸಂಭವಿಸಿದಾಗ ಬಹಳ ಮಂದಿ ಉಳಿಯುವುದಿಲ್ಲ.

ಕಾನೂನಿನ ಒಂದು ಮಾತು ನಿಮಗೆ ಗೊತ್ತಿರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ನಾಳಗಳು ಗಡುಸಾಗುವ ರೋಗ, ಹೃದ್ರೋಗ, ರಕ್ತದೊತ್ತಡ ಮೂರೂ ಇವೆ. ಇವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಟ್ಟು ಯಾವ ಎಣ್ಣೆಯನ್ನೂ ಮಾರುವಂತಿಲ್ಲ. ನಿಮ್ಮ ಪರಿಚಯದವರು ಬಹುಶಃ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅವರೊಂದಿಗೆ ಜಗಳ ಬೇಕಿಲ್ಲ.

ಯಜಮಾನರೊಂದಿಗೆ ಮಾತಾಡುವಾಗ ಎಣ್ಣೆಯನ್ನು ಹಳಿಯುವುದಕ್ಕಿಂತ ಮಾತ್ರೆಗಳ ಬಗ್ಗೆ ಅವರಿಗಿರುವ ಬೇಸರವೇನೆಂದು ಕೇಳಿ. ಕಾಲಿನ ಸ್ನಾಯುಗಳು ನೋಯುತ್ತಿವೆಯೇ, ಖರ್ಚು ಭಾರವಾಗುತ್ತಿದೆಯೇ, ಇಷ್ಟು ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದ್ದಾರೆಯೇ? ಹೊರರೋಗಿ ವಿಭಾಗದಲ್ಲಿ ನಾನು ಕಂಡಂತೆ ಇಂಥ ಲೋಟಗಳ ಹಿಂದೆ ಬಹಳ ಸಲ ಹೇಳಿಕೊಳ್ಳದ ಒಂದು ತೊಂದರೆ ಇರುತ್ತದೆ, ಅದಕ್ಕೆ ಮಾತ್ರೆಯ ಪ್ರಮಾಣವನ್ನೋ ಬ್ರಾಂಡನ್ನೋ ಬದಲಿಸಿ ಪರಿಹಾರ ಕೊಡಬಹುದು. ನಿಮ್ಮದು ಅಡಿಕೆಯ ಸೀಮೆ, ಆದ್ದರಿಂದ ಇನ್ನೊಂದನ್ನೂ ಕೇಳುತ್ತೇನೆ: ಅವರ ಕವಳದಲ್ಲಿ ತಂಬಾಕು ಇದೆಯೇ? ಇದ್ದರೆ, ಒಳಪೊರೆಯ ನೈಟ್ರಿಕ್ ಆಕ್ಸೈಡ್ ಅನ್ನು ದಿನವೂ ಕುಗ್ಗಿಸುವುದು ಅದೇ. ಅದನ್ನು ಬಿಟ್ಟರೆ ನಾಳಗಳಿಗೆ ಸಿಗುವ ಲಾಭಕ್ಕೆ ಯಾವ ತೈಲವೂ ಸಮವಲ್ಲ. ದಿನದ ನಡಿಗೆಯೂ ಒಳಪೊರೆಯಿಂದ ಅದೇ ಅನಿಲವನ್ನು ಹೊರಡಿಸುತ್ತದೆ. ಲವಂಗ, ಓಮ, ತುಳಸಿಗಳು ಅಡುಗೆಯಲ್ಲಿ, ಕಷಾಯದಲ್ಲಿ ಎಂದಿನಂತೆ ಇರಲಿ, ಅವುಗಳಿಗೆ ನನ್ನ ಅಡ್ಡಿಯಿಲ್ಲ. ಚಕ್ಕೆಯ ಪುಡಿಯನ್ನು ಮಾತ್ರ ಔಷಧವೆಂದು ದಿನವೂ ಚಮಚಗಟ್ಟಲೆ ತಿನ್ನಬಾರದು, ಅಂಗಡಿಯ ಚಕ್ಕೆ ಬಹುಪಾಲು ಕ್ಯಾಸಿಯಾ ಜಾತಿಯದು, ಅದರಲ್ಲಿ ಯಕೃತ್ತಿಗೆ ಒಗ್ಗದ ಕೌಮರಿನ್ ಇರುತ್ತದೆ.

ವೈದ್ಯರಲ್ಲಿಗೆ ಹೋಗುವಾಗ ಆ ಸೀಸೆಗಳನ್ನು ಜೊತೆಗೇ ಒಯ್ಯಿರಿ, ಏನನ್ನು ಎಷ್ಟು ದಿನ ಕುಡಿದರೆಂದು ಮುಚ್ಚಿಡಬೇಡಿ. ಮಂಡಿನೋವಿಗೆ ವಿಂಟರ್‌ಗ್ರೀನ್ ಬಿಟ್ಟಿರೆಂದು ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆ ಶುರು ಮಾಡಬೇಡಿ, ಅವೂ ಹೃದಯಕ್ಕೂ ಜಠರಕ್ಕೂ ಹಾನಿಕರ. ಸದ್ಯಕ್ಕೆ ಬಿಸಿನೀರಿನ ಶಾಖ, ತೊಡೆಯ ಸ್ನಾಯುಗಳಿಗೆ ಫಿಸಿಯೋಥೆರಪಿಯ ವ್ಯಾಯಾಮ, ನೋವು ತಡೆಯಲಾರದ ದಿನ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಒಂದು ತಿಂಗಳಾದರೂ ಇಳಿಯದಿದ್ದರೆ ಮೂಳೆ ತಜ್ಞರಿಗೆ ತೋರಿಸಿ, ಸ್ಟೆಂಟ್ ಹಾಕಿರುವುದನ್ನೂ ಎಲ್ಲ ಮಾತ್ರೆಗಳ ಹೆಸರನ್ನೂ ಮೊದಲೇ ಹೇಳಿ.